ಕಾಲೇಜು ಫೆಸ್ಟ್‌ನಲ್ಲಿ ಕಿರುಕುಳ: ಹೊರಗಿನವರು ಮಾಡಿದರೆ ಕಾಲೇಜಿಗೆ ಸಂಬಂಧವಿಲ್ಲವೇ?

ಫೆಸ್ಟ್ ಸೀಸನ್ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಮೂರು ಮಾತು ಹರಿದಾಡುತ್ತವೆ. ಹೊರಗಿನವರು ಕಿರುಕುಳ ಕೊಟ್ಟರೆ ಕಾಲೇಜು ಹೊಣೆಯಲ್ಲ, ಹುಡುಗಿಯರು ಸಂಜೆಯ ಕಾರ್ಯಕ್ರಮಕ್ಕೆ ಹೋಗದಿರುವುದೇ ಪರಿಹಾರ, ಅಂದೇ ದೂರು ಕೊಡದಿದ್ದರೆ ಮುಗಿಯಿತು. ಕಾಳಜಿಯಿಂದಲೇ ಕಳುಹಿಸಿರಬಹುದು. ಆದರೆ ಮೂರೂ ತಪ್ಪು. ಏಕೆಂದು ನೋಡೋಣ.

ಹೇಳಿಕೆ 1: ಹೊರಗಿನವರು ಮಾಡಿದರೆ ಕಾಲೇಜು ಹೊಣೆಯಲ್ಲ

ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳ ತಡೆಯಲು ಯುಜಿಸಿ 2015ರ ನಿಯಮಾವಳಿ ತಂದಿದೆ. ಅದರ ಪ್ರಕಾರ ಕ್ಯಾಂಪಸ್ ಎಂದರೆ ಕಾಂಪೌಂಡ್ ಒಳಗಿನ ಜಾಗ ಮಾತ್ರವಲ್ಲ. ವಿದ್ಯಾರ್ಥಿಯಾಗಿ ಭಾಗವಹಿಸುವ ಸಾಂಸ್ಕೃತಿಕ ಉತ್ಸವ, ಕ್ರೀಡಾಕೂಟ, ಶಿಬಿರ, ಪ್ರವಾಸದ ಸ್ಥಳಗಳೂ ಅದರಲ್ಲಿ ಸೇರುತ್ತವೆ. ಹೊರಗಿನವರು ಕೊಡುವ ಕಿರುಕುಳವನ್ನೂ ನಿಯಮಾವಳಿ ಪ್ರತ್ಯೇಕವಾಗಿ ಹೆಸರಿಸಿದೆ.

ಹೊರಗಿನವನ ಮೇಲೆ ಶಿಸ್ತುಕ್ರಮ ಜರುಗಿಸಲು ಕಾಲೇಜಿಗೆ ಆಗದಿರಬಹುದು. ಆದರೆ ಗೇಟಿನಲ್ಲಿ ಯಾರನ್ನು ಒಳಗೆ ಬಿಡಬೇಕು ಎಂಬುದು ಕಾಲೇಜಿನದೇ ತೀರ್ಮಾನ. 2020ರ ಫೆಬ್ರವರಿ 6ರಂದು ದೆಹಲಿಯ ಗಾರ್ಗಿ ಮಹಿಳಾ ಕಾಲೇಜಿನ ಫೆಸ್ಟ್‌ಗೆ ಹೊರಗಿನ ಗಂಡಸರು ಗುಂಪಾಗಿ ನುಗ್ಗಿದ್ದರು. ತಮ್ಮ ಮೇಲೆ ದೌರ್ಜನ್ಯ ನಡೆಯಿತೆಂದು ವಿದ್ಯಾರ್ಥಿನಿಯರು ಹೇಳಿದರು. ಎಫ್‌ಐಆರ್ ದಾಖಲಾದದ್ದು ನಾಲ್ಕು ದಿನಗಳ ನಂತರ.

ಹೇಳಿಕೆ 2: ಹುಡುಗಿಯರನ್ನು ಬೇಗ ಮನೆಗೆ ಕಳುಹಿಸುವುದೇ ಪರಿಹಾರ

ಸುರಕ್ಷತೆಯ ನೆಪದಲ್ಲಿ ಹಾಸ್ಟೆಲ್ ಹುಡುಗಿಯರಿಗೆ ತಾರತಮ್ಯದ ನಿಯಮ ಹೇರಬಾರದು, ಸುರಕ್ಷತಾ ಕ್ರಮಗಳು ಮಹಿಳೆಯರ ಓಡಾಟದ ಸ್ವಾತಂತ್ರ್ಯವನ್ನು ಮೊಟಕುಗೊಳಿಸಬಾರದು ಎಂದು ಅದೇ ನಿಯಮಾವಳಿ ಹೇಳುತ್ತದೆ. ಬದಲಾಯಿಸಬೇಕಾದದ್ದು ಫೆಸ್ಟ್‌ನ ವ್ಯವಸ್ಥೆಯನ್ನು. ಆಯೋಜಕರು ಮಾಡಬಹುದಾದದ್ದು ಇಷ್ಟು:

• ಪಾಸ್ ಮತ್ತು ಗುರುತಿನ ಚೀಟಿ ಇದ್ದವರಿಗೆ ಮಾತ್ರ ಪ್ರವೇಶ. ಮೈದಾನ ಹಿಡಿಸುವಷ್ಟೇ ಪಾಸ್.
• ಶೌಚಾಲಯದ ದಾರಿ, ವೇದಿಕೆಯ ಹಿಂಭಾಗ, ಪಾರ್ಕಿಂಗ್ ಜಾಗದಲ್ಲಿ ಲೈಟ್.
• ಮಹಿಳಾ ಭದ್ರತಾ ಸಿಬ್ಬಂದಿ ಮತ್ತು ಎಲ್ಲರಿಗೂ ಕಾಣುವ ಒಂದು ಸಹಾಯ ಕೌಂಟರ್.
• ಆಂತರಿಕ ದೂರು ಸಮಿತಿಯ ಫೋನ್ ನಂಬರ್ ಪ್ರತಿ ಪೋಸ್ಟರ್‌ನಲ್ಲಿ.
• ಕಾರ್ಯಕ್ರಮ ತಡವಾದರೆ ಮನೆ, ಹಾಸ್ಟೆಲ್ ತಲುಪಲು ಬಸ್.

ಪಕ್ಕದಲ್ಲಿರುವವರೂ ತಡೆಯಬಹುದು. ಜಗಳಕ್ಕೇ ಇಳಿಯಬೇಕೆಂದಿಲ್ಲ. "ಬಾರೇ, ಮೇಡಂ ಕರೀತಿದ್ದಾರೆ" ಎಂದು ಆಕೆಯನ್ನು ಅಲ್ಲಿಂದ ಕರೆತರುವುದು, ಸ್ವಯಂಸೇವಕರನ್ನು ಕರೆಯುವುದು, ನಂತರ ಆಕೆಯ ಜೊತೆ ನಿಲ್ಲುವುದು. ಇಷ್ಟೂ ಸಹಾಯವೇ.

ಹೇಳಿಕೆ 3: ಅಂದೇ ದೂರು ಕೊಡದಿದ್ದರೆ ಮುಗಿಯಿತು

ಘಟನೆ ನಡೆದ 3 ತಿಂಗಳೊಳಗೆ ಆಂತರಿಕ ದೂರು ಸಮಿತಿಗೆ ಲಿಖಿತ ದೂರು ಕೊಡಬಹುದು. ತಡವಾಗಲು ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಅವಕಾಶ ಕೊಡಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಪ್ರಕರಣವಾದರೆ ಸಮಿತಿಯಲ್ಲಿ ಮೂವರು ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು.

ಪೊಲೀಸ್ ದೂರು ಬೇರೆ ದಾರಿ. ಎರಡನ್ನೂ ಒಟ್ಟಿಗೆ ಹಿಡಿಯಬಹುದು. ಮಹಿಳೆಯ ಮಾನಕ್ಕೆ ಧಕ್ಕೆ ತರುವ ಉದ್ದೇಶದ ಹಲ್ಲೆಗೆ ಭಾರತೀಯ ನ್ಯಾಯ ಸಂಹಿತೆಯ 74ನೇ ಸೆಕ್ಷನ್ ಪ್ರಕಾರ 1ರಿಂದ 5 ವರ್ಷ ಜೈಲು. ಘಟನೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ಝೀರೋ ಎಫ್‌ಐಆರ್ ದಾಖಲಿಸಬಹುದು. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ವಿಡಿಯೋ ನಿಮ್ಮ ಫೋನಿಗೂ ಬಂದರೆ?

ಫಾರ್ವರ್ಡ್ ಮಾಡಬೇಡಿ. ಆಕೆಗೆ ನ್ಯಾಯ ಸಿಗಲೆಂದೇ ಕಳುಹಿಸಿದರೂ ಆಕೆಯ ಮುಖ ಊರೆಲ್ಲ ಸುತ್ತುತ್ತದೆ. ದೂರುದಾರರ ಗುರುತು ಬಹಿರಂಗವಾಗಬಾರದು ಎಂದು ನಿಯಮವೇ ಇದೆ. ವಿಡಿಯೋ ನೀವೇ ತೆಗೆದಿದ್ದರೆ ಅಳಿಸಬೇಡಿ, ಅದು ಸಾಕ್ಷಿ. ಆಕೆಯನ್ನು ಕೇಳಿ, ಸಮಿತಿಗೋ ಪೊಲೀಸರಿಗೋ ಕೊಡಿ.

ನಮ್ಮ ನಿರ್ಣಯ: ಮೂರೂ ಹೇಳಿಕೆ ತಪ್ಪು. ಫೆಸ್ಟ್ ಕೂಡ ಕ್ಯಾಂಪಸ್ಸೇ. ಅದನ್ನು ಸುರಕ್ಷಿತವಾಗಿಡುವುದು ಮೊದಲು ಕಾಲೇಜಿನ ಕೆಲಸ. ಗುಂಪಿಗೆ ಏನಾದರೂ ಕಳುಹಿಸಲೇಬೇಕೆಂದರೆ, ನಿಮ್ಮ ಕಾಲೇಜಿನ ದೂರು ಸಮಿತಿಯ ನಂಬರ್ ಹುಡುಕಿ ಕಳುಹಿಸಿ.