ಪರೀಕ್ಷೆಗೆ ಬಿಟ್ಟ ಪ್ಯಾಕೆಟ್: ಜಾಲಮಾಪನದ ಚರಿತ್ರೆಯ ಒಂದು ಎಳೆ

ಕಂಪ್ಯೂಟರ್ ಜಾಲಕ್ಕೆ ಪರೀಕ್ಷೆಗೆಂದೇ ಪ್ಯಾಕೆಟ್ ಬಿಟ್ಟು, ಅದು ಎಷ್ಟು ತಡವಾಗಿ ಬಂತು, ದಾರಿಯಲ್ಲೇ ಕಳೆದುಹೋಯಿತೇ ಎಂದು ನೋಡುವ ಪದ್ಧತಿ 1983ರ ‘ಪಿಂಗ್’ನಿಂದ ಶುರುವಾಯಿತು ಎಂಬ ಮಾತು ಬಳಕೆಯಲ್ಲಿದೆ. ಅದು ಅರ್ಧ ಸತ್ಯ. ಇಂಟರ್ನೆಟ್‌ನ ಪೂರ್ವಜ ಜಾಲವಾದ ಆರ್ಪಾನೆಟ್‌ನ ಐಎಂಪಿ ಯಂತ್ರಗಳ, ಅಂದರೆ ಇಂದಿನ ರೂಟರ್‌ಗಳ ಹಿರಿಯರ, ವಿನ್ಯಾಸದಲ್ಲೇ ಹುಸಿ ಸಂದೇಶ ಹುಟ್ಟಿಸುವ ಪ್ರೋಗ್ರಾಂ ಇತ್ತು. ಮೊದಲ ಐಎಂಪಿ 1969ರಲ್ಲಿ ಬಂದಿಳಿದದ್ದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಲಿಯೊನಾರ್ಡ್ ಕ್ಲೈನ್‌ರಾಕ್ ಅವರ ಜಾಲಮಾಪನ ಕೇಂದ್ರಕ್ಕೆ ಜಾಲವನ್ನು ಬೇಕೆಂದೇ ಸತಾಯಿಸುವುದೂ ಒಂದು ಕೆಲಸವಾಗಿತ್ತು. ಒಡೆದ ಸಂದೇಶಗಳ ತುಣುಕುಗಳು ಗುರಿಯಲ್ಲಿ ಜೋಡಣೆಗೆ ಕಾಯುತ್ತ ಜಾಗವನ್ನೆಲ್ಲ ತುಂಬಿ, ಜಾಲ ಉಸಿರುಗಟ್ಟಬಹುದು ಎಂದು ಐಎಂಪಿಗಳನ್ನು ತಯಾರಿಸಿದ ಬಿಬಿಎನ್ ಕಂಪನಿಯ ರಾಬರ್ಟ್ ಕಾನ್ ಎಚ್ಚರಿಸಿದ್ದರು. ಸಹೋದ್ಯೋಗಿಗಳು ಒಪ್ಪಿರಲಿಲ್ಲ. 1970ರ ಆರಂಭದಲ್ಲಿ ಕಾನ್ ಸಹೋದ್ಯೋಗಿ ಡೇವ್ ವಾಲ್ಡನ್ ಜೊತೆ ಲಾಸ್ ಏಂಜಲೀಸ್‌ಗೆ ಹೋಗಿ, ಕೃತಕ ದಟ್ಟಣೆ ಸುರಿದು, ಅದನ್ನು ಮಾಡಿಯೇ ತೋರಿಸಿದರು.

ಪಿಂಗ್‌ನ ಕಥೆಯೂ ಸ್ವಾರಸ್ಯದ್ದೇ. 1983ರ ಜುಲೈನಲ್ಲಿ ನಾರ್ವೆಯ ಸಭೆಯೊಂದರಲ್ಲಿ ಇಂಟರ್ನೆಟ್ ಸಂಶೋಧಕ ಡೇವಿಡ್ ಮಿಲ್ಸ್, ಜಾಲದ ಸ್ಥಿತಿ ತಿಳಿಸುವ ಐಸಿಎಂಪಿ ಸಂದೇಶಗಳ ಮಾರುತ್ತರದ ಸಮಯ ಎಣಿಸಿ ವಿಳಂಬ ಅಳೆಯುತ್ತಿದ್ದೇನೆ ಎಂದಿದ್ದರು. ಅದು ಮುಂದೆ ಪಿಂಗ್ ಬರೆದ ಮೈಕ್ ಮೂಸ್ ಅವರ ತಲೆಯಲ್ಲಿ ಉಳಿಯಿತು. ಡಿಸೆಂಬರಿನಲ್ಲಿ ಮೇರಿಲ್ಯಾಂಡ್‌ನ ಸೇನಾ ಪ್ರಯೋಗಾಲಯದ ಜಾಲ ಕೈಕೊಟ್ಟಾಗ ರಾತ್ರಿ ಕೂತು ಪ್ರೋಗ್ರಾಂ ಬರೆದು, ಬೆಳಗಾಗುವುದರೊಳಗೆ ಮುಗಿಸಿದರು. ಆದರೆ ಮೊದಲ ಪಿಂಗ್ ಹೊರಡುವ ಮುನ್ನವೇ ಸಹೋದ್ಯೋಗಿಯೊಬ್ಬರು ಕೆಟ್ಟ ಹಾರ್ಡ್‌ವೇರನ್ನು ಸರಿಪಡಿಸಿಯಾಗಿತ್ತು! ಅದೇ ತಿಂಗಳು ಮಿಲ್ಸ್ ತಮ್ಮ ವಿಳಂಬ ಪ್ರಯೋಗಗಳನ್ನು ಇಂಟರ್ನೆಟ್‌ನ ತಾಂತ್ರಿಕ ದಾಖಲೆಗಳ ಸರಣಿಯಲ್ಲಿ ಆರ್‌ಎಫ್‌ಸಿ 889 ಆಗಿ ಪ್ರಕಟಿಸಿದರು. ಹೆಸರು ಪಿಂಗ್‌ಗೆ ಬಂತು. ವಿಧಾನದ ಋಣ ಮಿಲ್ಸ್ ಅವರದು.

ಅಳೆಯಲು ಬಿಟ್ಟ ಪ್ಯಾಕೆಟ್ಟೇ ದಟ್ಟಣೆ ಹೆಚ್ಚಿಸಿದರೆ ಸಿಕ್ಕ ಅಂಕಿಯನ್ನು ನಂಬುವುದು ಹೇಗೆ? ಇದಕ್ಕೆ ನೇರವಾಗಿ ಕೈಹಾಕಿದವರು ಫ್ರಾನ್ಸ್‌ನ ಇನ್ರಿಯಾ ಸಂಸ್ಥೆಯ ಜೀನ್ ಬೊಲೊ. ಅವರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫ್ರಾನ್ಸ್ ಮತ್ತು ಮೇರಿಲ್ಯಾಂಡ್ ನಡುವೆ ಸಣ್ಣ ಪ್ಯಾಕೆಟ್‌ಗಳನ್ನು ಸಮಾನ ಅಂತರದಲ್ಲಿ ಕಳಿಸಲಾಗಿತ್ತು. ಸಾಗರದಾಚೆಗಿನ ಕೊಂಡಿ ಸೆಕೆಂಡಿಗೆ 128 ಕಿಲೋಬಿಟ್‌ನದು. ಪರೀಕ್ಷಾ ಪ್ಯಾಕೆಟ್‌ಗಳು ಕೊಂಡಿಯ ಸಣ್ಣ ಪಾಲನ್ನಷ್ಟೇ ಬಳಸಿದಾಗ ನಷ್ಟ ಬಹುಮಟ್ಟಿಗೆ ಯಾದೃಚ್ಛಿಕ. ದೊಡ್ಡ ಪಾಲು ಕಬಳಿಸಿದಾಗ ಹಾಗಲ್ಲ. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರ ತನ್ನನ್ನು ತಾನೇ ಅನುಮಾನಿಸಲು ಕಲಿತದ್ದು ಇಲ್ಲಿ.

ಇನ್ನೊಂದು ಅನುಮಾನ ಹೋಗಿ ಬರುವ ಸಮಯದ್ದು. ಅದನ್ನು ಅರ್ಧ ಮಾಡಿದರೆ ಒಂದು ಬದಿಯ ವಿಳಂಬ ಸಿಗುತ್ತದೆಯೇ? ಸಂಶೋಧಕ ವರ್ನ್ ಪ್ಯಾಕ್ಸನ್ 37 ತಾಣಗಳ ನಡುವೆ ಸುಮಾರು 40,000 ಬಾರಿ, ಪ್ಯಾಕೆಟ್ ಹಾದುಹೋಗುವ ದಾರಿ ತೋರಿಸುವ ಟ್ರೇಸ್‌ರೂಟ್ ಓಡಿಸಿ ನೋಡಿದರು. 1995ರ ಕೊನೆಯ ಹೊತ್ತಿಗೆ ಸುಮಾರು ಅರ್ಧದಷ್ಟು ಅಳತೆಗಳಲ್ಲಿ ಹೋದ ದಾರಿಗೂ ಬಂದ ದಾರಿಗೂ ಕನಿಷ್ಠ ಒಂದು ಊರು ಬೇರೆಯಾಗಿತ್ತು. ಅರ್ಧ ಮಾಡುವ ಲೆಕ್ಕ ಅಲ್ಲಿಗೆ ಬಿದ್ದುಹೋಯಿತು. ಬದಿಗಳನ್ನು ಬೇರೆಬೇರೆಯಾಗಿ ಅಳೆಯಬೇಕಾದರೆ ಎರಡು ತುದಿಯ ಗಡಿಯಾರಗಳೂ ಒಂದೇ ಹೊತ್ತು ತೋರಿಸಬೇಕು. ಅವು ತೋರಿಸುವುದಿಲ್ಲ ಎಂಬುದನ್ನೂ ಪ್ಯಾಕ್ಸನ್ ಅವರೇ ತಮ್ಮ 1997ರ ಪ್ರಬಂಧದಲ್ಲಿ ವಿವರವಾಗಿ ದಾಖಲಿಸಿದರು.

ಒಮ್ಮುಖ ವಿಳಂಬದ ವ್ಯಾಖ್ಯೆ ಆರ್‌ಎಫ್‌ಸಿ 2679 ಆಗಿ 1999ರಲ್ಲಿ ಬಂತು. ಅದನ್ನು ಅಳೆಯುವ ಓವ್ಯಾಂಪ್ ಶಿಷ್ಟಾಚಾರ 2006ರಲ್ಲಿ. ಓವ್ಯಾಂಪ್‌ನ ಪ್ರತಿ ಪರೀಕ್ಷಾ ಪ್ಯಾಕೆಟ್ ತನ್ನ ಹೊರಟ ಹೊತ್ತನ್ನು ಬರೆದುಕೊಂಡು ಹೋಗುವುದು ಎನ್‌ಟಿಪಿಯ ಮಾದರಿಯಲ್ಲಿ. ಗಡಿಯಾರ ಹೊಂದಿಸುವ ಆ ಎನ್‌ಟಿಪಿಯನ್ನು 1985ರಲ್ಲೇ ರೂಪಿಸಿ ಪ್ರಕಟಿಸಿದ್ದವರು ಅದೇ ಡೇವಿಡ್ ಮಿಲ್ಸ್.