ಸರಕಿನ ಮೂಲ ಮತ್ತು ವರ್ತಕನ ಹೊಣೆ: ಕ್ಯಾಡ್‌ಬರಿ ಸಂಸ್ಥೆಯ ಇತಿಹಾಸದ ಒಂದು ಅಧ್ಯಾಯ

ವ್ಯಾಪಾರದಲ್ಲಿ ಪ್ರಾಮಾಣಿಕತೆಯೆಂದರೆ ತೂಕ, ಅಳತೆ, ಲೆಕ್ಕ ಹಾಗೂ ಕೊಟ್ಟ ಮಾತು ಈ ನಾಲ್ಕರಲ್ಲಿ ಲೋಪವಿಲ್ಲದಿರುವುದು ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಅಂಗಡಿಗೆ ಬಂದ ಸರಕು ಯಾರ ದುಡಿಮೆಯಿಂದ, ಯಾವ ಸ್ಥಿತಿಯಲ್ಲಿ ಬೆಳೆದು ಬಂದಿತೆಂಬ ಪ್ರಶ್ನೆಗೆ ಲೆಕ್ಕದ ಪುಸ್ತಕದಲ್ಲಿ ಕಲಮು ಇರುವುದಿಲ್ಲ. ಈ ಪ್ರಶ್ನೆಯನ್ನು ನ್ಯಾಯಾಲಯದಲ್ಲಿಯೇ ಎದುರಿಸಬೇಕಾಗಿ ಬಂದ ಇಂಗ್ಲೆಂಡಿನ ಕ್ಯಾಡ್‌ಬರಿ ಸಂಸ್ಥೆಯ ಇತಿಹಾಸ ವರ್ತಕರೆಲ್ಲರೂ ವಿಚಾರ ಮಾಡತಕ್ಕದ್ದಾಗಿದೆ.

ಈ ಸಂಸ್ಥೆಯನ್ನು ಕಟ್ಟಿದವರು ಕ್ವೇಕರ್ ಪಂಥದವರು. ಯುದ್ಧವನ್ನು ನಿರಾಕರಿಸುವ, ಆಣೆಯಿಡಲು ಒಪ್ಪದ, ಸರಳ ಜೀವನವನ್ನೂ ಸತ್ಯವಚನವನ್ನೂ ನಿಯಮವಾಗಿ ಪಾಲಿಸುವ ಈ ಚಿಕ್ಕ ಕ್ರೈಸ್ತ ಸಮುದಾಯಕ್ಕೆ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಪದವಿ ಬಹುಕಾಲ ನಿಷಿದ್ಧವಾಗಿತ್ತು. ಸೈನ್ಯಕ್ಕೆ ಸೇರುವುದು ಅವರ ತತ್ತ್ವಕ್ಕೆ ವಿರುದ್ಧವಾಗಿತ್ತು. ಹೀಗಾಗಿ ಅವರಲ್ಲಿ ಅನೇಕರು ವಾಣಿಜ್ಯವನ್ನು ಅವಲಂಬಿಸಿದರು. ಚೌಕಾಸಿಯಿಲ್ಲದ ಒಂದೇ ದರ ಹಾಗೂ ಜನರ ನಂಬಿಕೆಯೇ ಅವರ ಮೂಲ ಬಂಡವಾಳ. ಬಾರ್ಕ್ಲೇಸ್, ಲಾಯ್ಡ್ಸ್ ಬ್ಯಾಂಕುಗಳೂ ಫ್ರೈ, ರೌಂಟ್ರಿ ಎಂಬ ಚಾಕೊಲೇಟ್ ಸಂಸ್ಥೆಗಳೂ ಇಂತಹ ಮನೆತನಗಳಿಂದಲೇ ಬೆಳೆದವು.

1824ರಲ್ಲಿ ಜಾನ್ ಕ್ಯಾಡ್‌ಬರಿ ಬರ್ಮಿಂಗ್‌ಹ್ಯಾಮ್ ನಗರದ ಬುಲ್ ಸ್ಟ್ರೀಟಿನಲ್ಲಿ ಚಹ, ಕಾಫಿ, ಕೋಕೋಗಳ ಅಂಗಡಿ ತೆರೆದರು. ಮದ್ಯಪಾನಕ್ಕೆ ಬದಲಾಗಿ ಜನರಿಗೆ ಒಳ್ಳೆಯ ಪಾನೀಯ ದೊರೆಯಬೇಕೆಂಬುದು ಅವರ ಆಶಯವಾಗಿತ್ತು. 1861ರಲ್ಲಿ ಅವರ ಮಕ್ಕಳಾದ ರಿಚರ್ಡ್ ಮತ್ತು ಜಾರ್ಜ್ ವ್ಯವಹಾರವನ್ನು ವಹಿಸಿಕೊಂಡರು. ಕೋಕೋ ಪುಡಿಗೆ ಹಿಟ್ಟು ಬೆರೆಸುವುದು ರೂಢಿಯಾಗಿದ್ದ ಆ ಕಾಲದಲ್ಲಿ, 1866ರಲ್ಲಿ, ಬೆರಕೆಯಿಲ್ಲದ ಶುದ್ಧ ಕೋಕೋವನ್ನು ಮಾರುಕಟ್ಟೆಗೆ ತಂದರು. 1879ರಲ್ಲಿ ನಗರದ ಹೊಗೆಯಿಂದ ದೂರ ಬೋರ್ನ್‌ವಿಲ್ ಎಂಬಲ್ಲಿ ಕಾರ್ಖಾನೆ ನಿರ್ಮಿಸಿದರು. ಅಲ್ಲಿ ತೋಟಸಹಿತವಾದ ಮನೆಗಳು ಎದ್ದವು. 1900ರಲ್ಲಿ ಜಾರ್ಜ್ ಕ್ಯಾಡ್‌ಬರಿ ಆ ಊರನ್ನು ಒಂದು ಟ್ರಸ್ಟಿಗೆ ಒಪ್ಪಿಸಿದರು. ಕಾರ್ಮಿಕರ ಯೋಗಕ್ಷೇಮದಲ್ಲಿ ಈ ಸಂಸ್ಥೆ ಮಾದರಿಯೆನಿಸಿತು.

ಆದರೆ ಕೋಕೋ ಬೀಜ ಬರುತ್ತಿದ್ದುದು ಬೇರೆಡೆಯಿಂದ. 1900ರ ಸುಮಾರಿಗೆ ಸಂಸ್ಥೆಯ ಅಗತ್ಯದ ಅರ್ಧದಷ್ಟು ಬೀಜ ಆಫ್ರಿಕದ ಪಶ್ಚಿಮದಲ್ಲಿರುವ ಪೋರ್ಚುಗೀಸ್ ದ್ವೀಪ ಸಾವೊ ಟೊಮೆಯಿಂದ ಪೂರೈಕೆಯಾಗುತ್ತಿತ್ತು. ಅಲ್ಲಿನ ತೋಟಗಳಿಗೆ ಅಂಗೋಲದ ಒಳನಾಡಿನಿಂದ ಜನರನ್ನು ತರಲಾಗುತ್ತಿತ್ತು. ಕಾನೂನಿನ ಕಾಗದದಲ್ಲಿ ಅವರು ಐದು ವರ್ಷದ ಕರಾರಿನ ಕೂಲಿಗಳು. ವಾಸ್ತವದಲ್ಲಿ ಊರಿಗೆ ಹಿಂದಿರುಗಿದವರೇ ಇಲ್ಲವೆನ್ನುವಂತಿತ್ತು. 1901ರಲ್ಲಿ ರಿಚರ್ಡ್‌ರ ಪುತ್ರ ವಿಲಿಯಂ ಕ್ಯಾಡ್‌ಬರಿಯವರ ಕಣ್ಣಿಗೆ ಅಲ್ಲಿನ ತೋಟವೊಂದರ ಮಾರಾಟದ ಪ್ರಕಟಣೆ ಬಿತ್ತು. ಅದರಲ್ಲಿ ಆಸ್ತಿಯ ಪಟ್ಟಿಯೊಳಗೆ ಕಾರ್ಮಿಕರಿಗೂ ಬೆಲೆ ಕಟ್ಟಲಾಗಿತ್ತು. ಕೂಲಿಯಾಳಿಗೆ ಸಂಬಳವಿರುತ್ತದೆಯೇ ಹೊರತು ಮಾರಾಟದ ಬೆಲೆಯಿರುವುದಿಲ್ಲ. ಬೆಲೆಯಿದ್ದ ಮೇಲೆ ಅವನು ಗುಲಾಮನೆಂಬುದು ವರ್ತಕನಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

1787ರಲ್ಲಿ ಲಂಡನ್ನಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಸಮಿತಿ ರಚಿಸಿದ 12 ಜನರಲ್ಲಿ 9 ಮಂದಿ ಕ್ವೇಕರರು. ಅಂತಹ ಪರಂಪರೆಯ ಮನೆತನ ಮುಂದೆ ನಡೆದುಕೊಂಡ ರೀತಿ ವಿಚಾರಣೀಯವಾಗಿದೆ. 1903ರಲ್ಲಿ ವಿಲಿಯಂ ಲಿಸ್ಬನ್ನಿಗೆ ಹೋಗಿ ಅಲ್ಲಿನವರೊಡನೆ ಮಾತನಾಡಿದರು. ಸುಧಾರಣೆಯ ಭರವಸೆ ದೊರೆಯಿತು. 1905ರಲ್ಲಿ ಜೋಸೆಫ್ ಬರ್ಟ್ ಎಂಬುವರನ್ನು ಪರಿಶೀಲನೆಗೆ ಕಳುಹಿಸಲಾಯಿತು. ಅವರು ಪೋರ್ಚುಗೀಸ್ ಭಾಷೆ ಕಲಿತು, ದ್ವೀಪವನ್ನೂ ಅಂಗೋಲವನ್ನೂ ಕಂಡು, 1907ರಲ್ಲಿ ಹಿಂದಿರುಗಿದರು. ಅಷ್ಟರಲ್ಲಿ, 1906ರಲ್ಲಿಯೇ, ಪತ್ರಕರ್ತ ಹೆನ್ರಿ ನೆವಿನ್‌ಸನ್ ತಾವು ಕಂಡುದನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದ್ದರು. ಬ್ರಿಟಿಷ್ ವಿದೇಶಾಂಗ ಇಲಾಖೆ ತಾಳ್ಮೆಯಿಂದಿರುವಂತೆ ಸೂಚಿಸಿತು. ಕೊಳ್ಳುವವರಾಗಿ ಉಳಿದರೆ ತಮ್ಮ ಮಾತಿಗೆ ಬೆಲೆಯಿರುತ್ತದೆಂಬುದು ಸಂಸ್ಥೆಯ ವಾದ. ಈ ಎಲ್ಲ ವರ್ಷಗಳಲ್ಲಿ ಖರೀದಿ ಮಾತ್ರ ನಿಲ್ಲಲಿಲ್ಲ.

1908ರ ಸೆಪ್ಟೆಂಬರ್‌ನಲ್ಲಿ 'ಸ್ಟ್ಯಾಂಡರ್ಡ್' ಪತ್ರಿಕೆ ಇದನ್ನು ಕಟುವಾಗಿ ಟೀಕಿಸಿತು. ಜಾರ್ಜ್ ಕ್ಯಾಡ್‌ಬರಿಯವರ ಒಡೆತನದ 'ಡೈಲಿ ನ್ಯೂಸ್' ದಕ್ಷಿಣ ಆಫ್ರಿಕದ ಗಣಿಗಳಲ್ಲಿನ ಚೀನೀ ಕೂಲಿಗಳ ಪರವಾಗಿ ದನಿಯೆತ್ತಿದ್ದುದರಿಂದ ಟೀಕೆ ಮತ್ತಷ್ಟು ಚುಚ್ಚಿತು. ಸಂಸ್ಥೆ ಮಾನನಷ್ಟದ ಮೊಕದ್ದಮೆ ಹೂಡಿತು. ವಿಲಿಯಂ ಸ್ವತಃ ದ್ವೀಪಕ್ಕೆ ಹೋಗಿ ಬಂದ ನಂತರ, 1909ರ ಮಾರ್ಚ್‌ನಲ್ಲಿ ಕ್ಯಾಡ್‌ಬರಿ, ಫ್ರೈ, ರೌಂಟ್ರಿ ಮೂವರೂ ಸಾವೊ ಟೊಮೆಯ ಕೋಕೋವನ್ನು ಬಹಿಷ್ಕರಿಸಿದರು.

ಅದೇ ವರ್ಷದ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ವಿಚಾರಣೆ ನಡೆಯಿತು. ಪತ್ರಿಕೆಯ ಪರ ವಕೀಲ ಎಡ್ವರ್ಡ್ ಕಾರ್ಸನ್, 1901ರಿಂದ 1908ರವರೆಗೆ ಈ ಕೋಕೋಗಾಗಿ ಪ್ರಾಣ ತೆತ್ತ ಗುಲಾಮರ ಸಂಖ್ಯೆಯನ್ನು ಅಂದಾಜು ಮಾಡಲಾಗಿದೆಯೇ ಎಂದು ವಿಲಿಯಂರನ್ನು ಪ್ರಶ್ನಿಸಿದರು. ಇಲ್ಲವೆಂಬುದೇ ಉತ್ತರವಾಯಿತು. ಪ್ರತಿ ಪೆನ್ನಿಗೂ ಲೆಕ್ಕವಿಟ್ಟ ಸಂಸ್ಥೆಯಲ್ಲಿ ಈ ಒಂದು ಲೆಕ್ಕವಿರಲಿಲ್ಲ. ತೀರ್ಪು ಕ್ಯಾಡ್‌ಬರಿಯವರ ಪರವಾಯಿತು. ಆದರೆ ಪಂಚರು ವಿಧಿಸಿದ ಪರಿಹಾರ ಒಂದು ಫಾರ್ದಿಂಗ್, ಎಂದರೆ ಪೌಂಡಿನ 960ನೆಯ ಒಂದು ಭಾಗ. ಗೆದ್ದ ಮಾನದ ಬೆಲೆ ಅಷ್ಟೇ ಎಂದು ಸಾರಿದಂತಾಯಿತು.

ಈ ಪ್ರಕರಣದಲ್ಲಿ ಸಂಸ್ಥೆಯನ್ನು ಕೇವಲ ದೂಷಿಸುವುದು ನ್ಯಾಯವಾಗದು. ಅದೇ ಬೀಜ ಕೊಂಡ ಬೇರೆ ದೇಶಗಳ ತಯಾರಕರು ಬಹಿಷ್ಕಾರದ ನಂತರವೂ ಖರೀದಿ ಮುಂದುವರಿಸಿದರು. ಕ್ಯಾಡ್‌ಬರಿಯವರು ವಿಚಾರಿಸಿದರು, ಹಣ ವೆಚ್ಚ ಮಾಡಿದರು, ಕೊನೆಗೆ ಬಿಟ್ಟರು. ಗೋಲ್ಡ್ ಕೋಸ್ಟ್‌ನ, ಈಗಿನ ಘಾನಾದ, ಸಣ್ಣ ರೈತರ ಕೋಕೋವಿನ ಕಡೆಗೆ ತಿರುಗಿದರು. ಅವರ ಲೋಪವೆಂದರೆ ವಿಚಾರಣೆಗೆ ಅವಧಿಯನ್ನು ಗೊತ್ತುಪಡಿಸದಿದ್ದುದು. ಇಂತಹ ದಿನದೊಳಗೆ ಸುಧಾರಣೆಯಾಗದಿದ್ದರೆ ಖರೀದಿ ನಿಲ್ಲುವುದೆಂಬ ಮಾತು 1901ರಲ್ಲಿಯೇ ಬಂದಿದ್ದರೆ, ಭರವಸೆಗಳಿಗೆ ಎಂಟು ವರ್ಷ ಬೆಳೆಯಲು ಆಸ್ಪದವಿರುತ್ತಿರಲಿಲ್ಲ. ಸಾಲ ವಸೂಲಿಗೆ ವಾಯಿದೆ ಹಾಕುವ ವರ್ತಕನು ಧರ್ಮದ ವಿಷಯದಲ್ಲಿ ವಾಯಿದೆಯನ್ನು ಮರೆಯುವುದು ವಿಪರ್ಯಾಸ.

ಆ ಮನೆತನದ ಸಂಸ್ಥೆ 1969ರಲ್ಲಿ ಶ್ವೆಪ್ಸ್‌ನೊಡನೆ ಸೇರಿ, 2008ರಲ್ಲಿ ಬೇರ್ಪಟ್ಟು, 2010ರಲ್ಲಿ ಅಮೆರಿಕದ ಕ್ರಾಫ್ಟ್ ಕಂಪನಿಯ ವಶವಾಯಿತು. 2012ರಿಂದ ಅದು ಮೊಂಡೆಲೀಜ್‌ನ ಒಂದು ಭಾಗ. ಒಡೆತನ ಬದಲಾದರೂ ಪ್ರಶ್ನೆ ಉಳಿದಿದೆ. ಪಶ್ಚಿಮ ಆಫ್ರಿಕದ ಕೋಕೋ ತೋಟಗಳಲ್ಲಿನ ಘೋರ ಬಾಲಕಾರ್ಮಿಕ ಪದ್ಧತಿಯನ್ನು ತೊಡೆಯಲು 2001ರಲ್ಲಿ ಚಾಕೊಲೇಟ್ ಉದ್ಯಮ ಒಂದು ಒಪ್ಪಂದಕ್ಕೆ ಸಹಿ ಹಾಕಿತು. ಅದಕ್ಕೆ ಗೊತ್ತಾದ ಗಡುವು 2005. ಅದನ್ನು ಮತ್ತೆ ಮತ್ತೆ ಮುಂದೂಡಲಾಯಿತು.

ರೇಷ್ಮೆ, ವಜ್ರ, ಬಟ್ಟೆ, ಬೇಳೆ ಯಾವುದರ ವ್ಯಾಪಾರವಾದರೂ ಸರಕಿಗೆ ಹಿಂದಿನ ಕೈ ಒಂದಿರುತ್ತದೆ. ಆ ಲಾಭದಿಂದಲೇ ಮನೆ ನಡೆಯುತ್ತದೆ, ದಾನವೂ ನಡೆಯುತ್ತದೆ. ಹಿಂದಿನ ಕೈಯ ಸ್ಥಿತಿಯನ್ನು ವಿಚಾರಿಸುವುದು ವರ್ತಕನ ಮೊದಲ ಕರ್ತವ್ಯ. ತಿಳಿದ ದಿನವನ್ನೂ ಉತ್ತರ ಬರಬೇಕಾದ ದಿನವನ್ನೂ ಬರೆದಿಟ್ಟುಕೊಳ್ಳುವುದು ಎರಡನೆಯದು.