ಹೆಗಲಿನಿಂದ ಗಾಲಿಗೆ

ನಮ್ಮದು ರಾಯಬಾಗ ತಾಲೂಕಿನ ಪಾಲಬಾವಿ. ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಚಿಕ್ಕಂದಿನಲ್ಲಿ ನಮಗೆ ನಿದ್ದೆ ಹತ್ತುತ್ತಿರಲಿಲ್ಲ. ಚಿಂಚಲಿ ಮಾಯಕ್ಕನ ಜಾತ್ರೆಯ ಕನಸು. ಬಂಡಿ ಕಟ್ಟಿಕೊಂಡು ಹೊರಡುತ್ತಿದ್ದೆವು. ನನ್ನ ಅಕ್ಕನಿಗೆ ಮಗುವಾಗಿದ್ದಾಗಲೇ ಪೋಲಿಯೋ ಆಗಿ ಎರಡು ಕಾಲೂ ಸೋತಿದ್ದವು. ಅಪ್ಪ ಅವಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಗುಡಿ ತೋರಿಸುತ್ತಿದ್ದ. ದಣಿದಾಗ ಬಂಡಿಯಲ್ಲಿ ಇಳಿಸುತ್ತಿದ್ದ. ಅವಳಿಗೆ ಬಳೆಯಂಗಡಿಯ ಮುಂದೆ ಗಳಿಗೆ ಹೊತ್ತು ನಿಲ್ಲುವ ಆಸೆ. ಅಪ್ಪನ ಹೆಗಲು ತಿರುಗುವ ತೊಟ್ಟಿಲಿನ ಕಡೆಗೆ ಸಾಗುತ್ತಿತ್ತು. ಹೊರುವವನಲ್ಲಿ ಪ್ರೀತಿ ಎಷ್ಟೇ ಇರಲಿ, ದಾರಿಯನ್ನು ಆರಿಸುವವನು ಅವನೇ.

ಎರಡು ವರ್ಷದ ಹಿಂದೆ ಅಮೆರಿಕದಲ್ಲಿರುವ ತಂಗಿಯ ಮನೆಗೆ ಅಕ್ಕನನ್ನು ಕರೆದುಕೊಂಡು ಹೋಗಿದ್ದೆ. ತಂಗಿ ನಮ್ಮನ್ನು ಫ್ಲೋರಿಡಾದ ಡಿಸ್ನಿ ವರ್ಲ್ಡ್‌ಗೆ ಒಯ್ದಳು. 1971ರಲ್ಲಿ ತೆರೆದ ಆ ವಿನೋದನಗರಿಯಲ್ಲಿ ನಡೆಯಲಾರದವರಿಗೆ ಬ್ಯಾಟರಿಯಿಂದ ಓಡುವ ಸಣ್ಣ ಸ್ಕೂಟರುಗಳು ಬಾಡಿಗೆಗೆ ದೊರೆಯುತ್ತವೆ. ಅಕ್ಕ ಅಂಜುತ್ತಂಜುತ್ತ ಹಿಡಿಕೆಗೆ ಕೈಹಚ್ಚಿದಳು. ಕಾಲು ಗಂಟೆ ಕಳೆಯುವುದರೊಳಗೆ ನಾವೇ ಅವಳ ಹಿಂದೆ ಓಡಬೇಕಾಯಿತು! ಸಂಜೆ ಅವಳು ಅಂದಳು: “ತಮ್ಮಾ, ಇವತ್ತ ನನ್ನ ಯಾರೂ ಹೊತ್ತಿಲ್ಲ ನೋಡು. ನಾನಽ ಹೋದೆ.”

ಆ ಮಾತು ನನ್ನನ್ನು ಗಾಲಿಯ ಚರಿತ್ರೆಯ ಕಡೆಗೆ ಎಳೆಯಿತು. ನಮ್ಮಲ್ಲಿ ಪಲ್ಲಕ್ಕಿಯಿತ್ತು, ಮೇಣೆಯಿತ್ತು. ಶ್ರವಣಬೆಳಗೊಳದಲ್ಲಿ ಬೆಟ್ಟ ಹತ್ತಲಾರದ ಯಾತ್ರಿಕರನ್ನು ಡೋಲಿಯಲ್ಲಿ ಹೊತ್ತೊಯ್ಯುವುದುಂಟು. ಎಲ್ಲವೂ ಪರರ ಹೆಗಲು. ಹೆಗಲಿನ ಹಂಗನ್ನು ಹರಿದುಕೊಂಡವರಲ್ಲಿ ಮೊದಲಿಗನೆಂದು ಹೆಸರಾದವನು ಜರ್ಮನಿಯ ನ್ಯೂರೆಂಬರ್ಗ್ ಸೀಮೆಯ ಗಡಿಯಾರಗಾರ ಸ್ಟೀಫನ್ ಫಾರ್ಫ್ಲರ್. ತಾನೇ ನಡೆಯಲಾರದ ಈತ 1655ರಲ್ಲಿ ಕೈಯಿಂದ ತಿರುಗಿಸಿ ಓಡಿಸುವ ಮೂರು ಗಾಲಿಯ ಕುರ್ಚಿಯನ್ನು ಕಟ್ಟಿಕೊಂಡನು. ಕಾಲದ ಗಾಲಿಗಳನ್ನು ಬಲ್ಲವನಿಗೆ ಕಾಲಿನ ಗಾಲಿ ಕಷ್ಟವೆನಿಸಲಿಲ್ಲವೇನೋ!

ಇಂಥ ಕುರ್ಚಿಯನ್ನು ಜನರ ನಡುವೆ ತಂದುದರಲ್ಲಿ ಜಾತ್ರೆಗಳ ಪಾಲೂ ಇದೆಯೆಂಬುದು ನನಗೆ ಅಚ್ಚರಿಯ ಸಂಗತಿ. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ, ಮತ್ತೆ 1893ರ ಶಿಕಾಗೋ ಮಹಾಪ್ರದರ್ಶನದಲ್ಲಿ ಗಾಲಿಕುರ್ಚಿಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಶಿಕಾಗೋದಲ್ಲಿ ಅವುಗಳನ್ನು ತಳ್ಳಿದವರು ಕಾಲೇಜಿನ ಹುಡುಗರು. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನವೂ ಆ ಪ್ರದರ್ಶನದ ಸಂದರ್ಭದಲ್ಲಿಯೇ ನಡೆದುದನ್ನು ಇಲ್ಲಿ ನೆನೆಯಬಹುದು. ಆದರೂ ಅಲ್ಲಿ ಕೂತವನಿಗೆ ದಾರಿ ತೋರುವವನು ಹಿಂದಿನಿಂದ ತಳ್ಳುವವನೇ. 1930ರ ದಶಕದಲ್ಲಿ ಗಣಿ ಅಪಘಾತದಿಂದ ಕಾಲು ಸೋತ ಎಂಜಿನಿಯರ್ ಎವರೆಸ್ಟ್ ತನ್ನ ಗೆಳೆಯ ಜೆನ್ನಿಂಗ್ಸನ ಜತೆಗೂಡಿ ಮಡಚುವ ಕುರ್ಚಿಯನ್ನು ತಂದನು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಕೈಕಾಲು ಸೋತ ಸೈನಿಕರಿಗಾಗಿ ಕೆನಡಾದ ಜಾರ್ಜ್ ಕ್ಲೈನ್ ವಿದ್ಯುತ್ ಕುರ್ಚಿಯನ್ನು ರೂಪಿಸಿದನು. 1968ರಲ್ಲಿ ಮಿಶಿಗನ್ನಿನ ಅಲನ್ ಥೀಮ್ ಎಂಬವನು ಬೇನೆಯಿಂದ ನಡಿಗೆ ತಪ್ಪಿದ ತನ್ನ ಕುಟುಂಬದವರೊಬ್ಬರಿಗಾಗಿ ಬ್ಯಾಟರಿ ಗಾಡಿಯೊಂದನ್ನು ತಯಾರಿಸಿ ‘ಅಮಿಗೋ’ ಎಂದು ಕರೆದನು. ಸ್ಪ್ಯಾನಿಷ್ ಭಾಷೆಯಲ್ಲಿ ಆ ಮಾತಿಗೆ ಗೆಳೆಯನೆಂದು ಅರ್ಥ. ಅಕ್ಕ ಓಡಿಸಿದುದು ಅದೇ ವಂಶದ ಗಾಡಿ.

ನಮ್ಮ ದೇಶವೂ ಸುಮ್ಮನೆ ಕುಳಿತಿಲ್ಲ. 2014ರ ಮಾರ್ಚ್ 27ರಂದು ಭಾರತವು ಪೋಲಿಯೋಮುಕ್ತವೆಂದು ಘೋಷಿತವಾಯಿತು; ಅಕ್ಕನಂಥ ಮಕ್ಕಳನ್ನು ಇನ್ನು ಕಾಣಬೇಕಾಗಿಲ್ಲವೆಂಬುದು ಸಣ್ಣ ಸಂಗತಿಯಲ್ಲ. ಅಂಗವಿಕಲರ ಬಗೆಗಿನ 1995ರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿದ್ದರೆ, 2016ರದು ಇಪ್ಪತ್ತೊಂದನ್ನು ಗುರುತಿಸಿತು. ಸರಕಾರದ್ದಿರಲಿ, ಖಾಸಗಿಯದಿರಲಿ, ಜನ ಮನರಂಜನೆಗಾಗಿ ಸೇರುವ ಕಟ್ಟಡವೂ ಈ ಕಾಯಿದೆಯ ಲೆಕ್ಕದಲ್ಲಿ ಸಾರ್ವಜನಿಕವೇ. ಎಲ್ಲರೂ ಅಲ್ಲಿ ಸುಲಭವಾಗಿ ಪ್ರವೇಶಿಸುವಂತಿರಬೇಕು.

ಆದರೆ ಕಾಯಿದೆಗೂ ಬಾಗಿಲಿಗೂ ನಡುವೆ ಮೆಟ್ಟಿಲುಗಳಿವೆ. ಕಳೆದ ಬೇಸಿಗೆಯಲ್ಲಿ ನಮ್ಮ ನಾಡಿನದೇ ಒಂದು ವಿನೋದವನಕ್ಕೆ ಹೋಗಿದ್ದೆವು, ಹೆಸರು ಬೇಡ. ಹೆಬ್ಬಾಗಿಲಲ್ಲಿ ಮೂರು ಮೆಟ್ಟಿಲು. ಅಕ್ಕನ ಗಾಲಿಕುರ್ಚಿ ಅಲ್ಲಿಯೇ ನಿಂತಿತು. ಕಾವಲುಗಾರ ಸಜ್ಜನ. “ಇಬ್ಬರು ಹಿಡದು ಎತ್ತಿ ಒಯ್ತೀವಿ ಬಿಡ್ರಿ, ಅಕ್ಕಾವ್ರ” ಎಂದ. ಅಕ್ಕ ತಲೆಯಲ್ಲಾಡಿಸಿದಳು. “ಇಷ್ಟ ವರ್ಷ ಎತ್ತಿಸಿಕೊಂಡೀನಿ, ಸಾಕು. ನೀವು ಹೋಗಿ ನೋಡಿ ಬರ್ರಿ.” ಹುಡುಗರು ಒಳಗೆ ಹೋದರು. ನಾನು ಅವಳೊಡನೆ ಹೊರಗೆ ಬೇವಿನ ನೆರಳಲ್ಲಿ ಕುಳಿತೆ. ಆ ಮೂರು ಮೆಟ್ಟಿಲ ಬದಿಗೆ ಒಂದು ಇಳಿಜಾರು ಕಟ್ಟಲು ಒಂದಿಷ್ಟು ಸಿಮೆಂಟು, ಒಬ್ಬ ಗೌಂಡಿಯ ಕೆಲವು ದಿನದ ಕೂಲಿ ಸಾಕು. ಬೇಕಾದುದು ಅದಕ್ಕಿಂತ ಮೊದಲು ಬರಬೇಕಾದ ಒಂದು ನೆನಪು: ಇಂಥವರೂ ಬರುವರೆಂಬ ನೆನಪು.

ಈಗ ಅಕ್ಕನ ಬಳಿ ಹಿಂಬದಿಗೆ ಎರಡು ಗಾಲಿ ಹೆಚ್ಚಿಗೆ ಜೋಡಿಸಿದ ಸ್ಕೂಟರಿದೆ. ಬರುವ ಭಾರತ ಹುಣ್ಣಿಮೆಗೆ ಚಿಂಚಲಿಗೆ ತಾನೇ ಓಡಿಸಿಕೊಂಡು ಬರುವೆನೆನ್ನುತ್ತಾಳೆ. ಗುಡಿಗೆ ಆಮೇಲೆ ಹೋಗುವಳಂತೆ. ಮೊದಲು ಬಳೆಯಂಗಡಿ.